ಕೈಮರದಿಂದ ಬಣ್ಣದ ದೀಪದವರೆಗೆ

ಲೋಕಲ್ ಗಾಡಿ ಎರಡು ನಿಲ್ದಾಣಗಳ ನಡುವೆ ನಿಂತುಬಿಟ್ಟರೆ ನಾವು ಮುಂಬಯಿಗರು ಆಡುವ ಮಾತು ಒಂದೇ: "ಸಿಗ್ನಲ್ ಬಿದ್ದಿಲ್ಲ." ಹೊರಟಿತೆಂದರೆ "ಸಿಗ್ನಲ್ ಬಿತ್ತು." ಪಕ್ಕದ ಸೀಟಿನ ಮರಾಠಿ ಗೃಹಸ್ಥರೂ "ಸಿಗ್ನಲ್ ಪಡಲಾ" ಎಂದೇ ಹೇಳುತ್ತಾರೆ. ಆದರೆ ಈ ಊರಿನ ರೈಲು ಹಳಿಯ ಪಕ್ಕದಲ್ಲಿ ಬೀಳುವಂಥ ವಸ್ತು ಯಾವುದೂ ಇಲ್ಲ. ಕಂಬದ ತುದಿಯಲ್ಲಿ ಕೆಂಪು ದೀಪ ಆರುತ್ತದೆ, ಹಳದಿಯೋ ಹಸಿರೋ ಹತ್ತಿಕೊಳ್ಳುತ್ತದೆ, ಅಷ್ಟೆ. ಭಾರತದಲ್ಲಿ ಮೊಟ್ಟಮೊದಲು ತಾನೇ ತಾನಾಗಿ ಬದಲಾಗುವ ಬಣ್ಣದ ದೀಪದ ಸಿಗ್ನಲುಗಳು ಬಂದದ್ದು ಇದೇ ನಗರದಲ್ಲಿ, ವಿ.ಟಿ. ಮತ್ತು ಭಾಯಖಳಾ ನಡುವೆ, 1928ರಲ್ಲಿ. ಸುಮಾರು ನೂರು ವರ್ಷದಿಂದ ದೀಪವನ್ನೇ ನೋಡುತ್ತಿರುವ ಊರಿನಲ್ಲಿ "ಬೀಳುವ" ಮಾತು ಎಲ್ಲಿಂದ ಬಂದು ಉಳಿಯಿತು? ಇದನ್ನು ಹಿಡಿದು ಹೊರಟರೆ ನಮ್ಮ ಊರಿಗೂ ಈ ಊರಿಗೂ ನಡುವೆ ಇದ್ದ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ರೈಲಿನ ಸಿಗ್ನಲ್ ಎಲ್ಲೆಡೆಯೂ ಒಂದೇ ಭಾಷೆ ಆಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಅದು ಹಾಗಿಲ್ಲ. ಒಂದೇ ಹಸಿರು ದೀಪ ಹುಬ್ಬಳ್ಳಿ ದಾರಿಯಲ್ಲಿ ಕೊಡುತ್ತಿದ್ದ ಮಾತು ಬೇರೆ, ದಾದರಿನಲ್ಲಿ ಕೊಡುವ ಮಾತು ಬೇರೆ.

ಊರ ಕಡೆಯ ಹಿರಿಯರು ಅದನ್ನು ಸಿಗ್ನಲ್ ಎನ್ನುತ್ತಿರಲಿಲ್ಲ, ಕೈಮರ ಎನ್ನುತ್ತಿದ್ದರು. ದಾರಿಗಳು ಕೂಡುವಲ್ಲಿ ಊರಿನ ದಿಕ್ಕು ತೋರಿಸುವ ಕಂಬಕ್ಕೂ ಅದೇ ಹೆಸರು. ಚಿಕ್ಕಮಗಳೂರಿನ ಬಳಿ ಕೈಮರ ಎಂಬ ಸ್ಥಳವೇ ಇದೆ. ದಕ್ಷಿಣ ಕನ್ನಡದಲ್ಲಿ ಕೈಕಂಬ ಎಂಬ ಹೆಸರಿನ ಊರುಗಳುಂಟು. ಮಾಟುಂಗದ ನಮ್ಮ ತಮಿಳು ನೆರೆಹೊರೆಯವರು ಕೈಕಾಟ್ಟಿ ಎನ್ನುತ್ತಾರೆ. ಇಂಗ್ಲಿಷರು ಗ್ರೀಕ್ ಮೂಲದ ಪದದಿಂದ ಸೆಮಾಫೋರ್ ಎಂದರು, ಸಂಜ್ಞೆಯನ್ನು ಹೊತ್ತದ್ದು ಎಂದು ಅದರ ಅರ್ಥ. ನಮ್ಮವರು ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿದರು: ಒಂದು ಮರ, ಅದಕ್ಕೊಂದು ಕೈ. ಕೈ ಅಡ್ಡಲಾಗಿ ಚಾಚಿದ್ದರೆ ಗಾಡಿ ನಿಲ್ಲಬೇಕು, ಕೈ ಕೆಳಕ್ಕೆ ಬಿದ್ದರೆ ಬರಬಹುದು. "ಕೈ ಬಿತ್ತು" ಎಂದರೆ ಗಾಡಿ ಬಂತು ಎಂದೇ ಅರ್ಥ. ಬೀಳುವ ಮಾತಿನ ಮೂಲ ಇದೇ.

ಈ ಕೈಗೆ ದೊಡ್ಡ ಚರಿತ್ರೆಯಿದೆ. ಫ್ರಾನ್ಸಿನಲ್ಲಿ ಕ್ಲಾಡ್ ಶಾಪ್ ಎಂಬವನು 1790ರ ದಶಕದಲ್ಲಿ ಗುಡ್ಡದಿಂದ ಗುಡ್ಡಕ್ಕೆ ಮರದ ತೋಳುಗಳಿಂದ ಸುದ್ದಿ ಕಳುಹಿಸುವ ಏರ್ಪಾಟು ಮಾಡಿದ. ಅದನ್ನು ರೈಲಿಗೆ ತಂದದ್ದು ಇಂಗ್ಲೆಂಡಿನಲ್ಲಿ, ಲಂಡನ್ ಸಮೀಪದ ನ್ಯೂ ಕ್ರಾಸ್ ಎಂಬಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಇಂಜಿನಿಯರ್, 1840ರ ದಶಕದ ಆರಂಭದಲ್ಲಿ. ಬೋರಿಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಹೊರಟಾಗ ಆ ವಿದ್ಯೆ ಅಲ್ಲಿಯೇ ಇನ್ನೂ ಹುಡುಗುತನದಲ್ಲಿತ್ತು.

ನಮ್ಮ ದೇಶದಲ್ಲಿ ರೈಲು ಒಂದು ಇಲಾಖೆಯಾಗಿ ಹುಟ್ಟಲಿಲ್ಲ, ಹತ್ತಾರು ಕಂಪನಿಗಳಾಗಿ ಹುಟ್ಟಿತು. ಮುಂಬಯಿಯಿಂದ ಪೂರ್ವಕ್ಕೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ, ಅಂದರೆ ಜಿ.ಐ.ಪಿ. ಉತ್ತರಕ್ಕೆ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ, ಅಂದರೆ ಬಿ.ಬಿ. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲಿ ಹಳಿ ತಂದದ್ದು ಮದ್ರಾಸ್ ರೈಲ್ವೆ. ರಾಯಚೂರಿನಲ್ಲಿ ಮುಂಬಯಿಯ ಕಂಪನಿಯೂ ಮದರಾಸಿನ ಕಂಪನಿಯೂ 1871ರಲ್ಲಿ ಕೈ ಕುಲುಕಿದವು. ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿ ದಾರಿಯ ಮೀಟರ್‌ಗೇಜ್ ಹಳಿ 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ಕಂಪನಿಯದು. ಅದು 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿ ಎಂ.ಎಸ್.ಎಂ. ಆಯಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ರೈಲ್ವೆ, ನಿಜಾಮರಿಗೆ ತಮ್ಮದೇ. ಪ್ರತಿಯೊಂದಕ್ಕೂ ತನ್ನ ಇಂಜಿನಿಯರು, ತನ್ನ ಬೊಕ್ಕಸ, ತನ್ನ ಪದ್ಧತಿ. ಹೆಚ್ಚು ಗಾಡಿ, ಹೆಚ್ಚು ವರಮಾನ ಇದ್ದವರು ಹೊಸದನ್ನು ಬೇಗ ತಂದರು. ದಿನಕ್ಕೆ ನಾಲ್ಕೈದು ಗಾಡಿ ಓಡುವ ಒಂಟಿ ಹಳಿಯವರು ಇದ್ದದ್ದನ್ನೇ ಎಣ್ಣೆ ಹಾಕಿ ಇಟ್ಟುಕೊಂಡರು. 1951ರಲ್ಲಿ ಇವೆಲ್ಲ ಸೇರಿ ದಕ್ಷಿಣ, ಮಧ್ಯ, ಪಶ್ಚಿಮ ಎಂದು ವಲಯಗಳಾದವು. ಆದರೂ ಇಂದಿಗೂ ರೈಲ್ವೆಯ ನಿಯಮ ಪುಸ್ತಕದ ಹೆಸರು "ಸಾಮಾನ್ಯ ಮತ್ತು ಪೂರಕ ನಿಯಮಗಳು". ಸಾಮಾನ್ಯ ನಿಯಮ ದೇಶಕ್ಕೆಲ್ಲ ಒಂದು, ಪೂರಕ ನಿಯಮ ಆಯಾ ವಲಯದ್ದು. ಕೇಂದ್ರ ಸರಕಾರದ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದರ ಒಳಗುಟ್ಟು ಹೇಳಿಕೊಡಬೇಕಾಗಿಲ್ಲ. ಮೇಲಿನಿಂದ ಬಂದ ಸುತ್ತೋಲೆ ಒಂದೇ ಆದರೂ ಪ್ರತಿ ಕಚೇರಿಯೂ ಅದಕ್ಕೆ ತನ್ನದೊಂದು ಬಾಲ ಅಂಟಿಸುತ್ತದೆ.

ಇನ್ನು ಕೈಮರದ ಒಳವಿವರ. ನಮ್ಮ ನಾಡಿನ ಹಳೆಯ ನಿಲ್ದಾಣಗಳಲ್ಲಿ ಇದ್ದದ್ದು ಕೈ ಕೆಳಕ್ಕೆ ಇಳಿಯುವ ಬಗೆ. ಇದರಲ್ಲಿ ಒಂದು ಅಪಾಯವಿದೆ ಎಂದು ಓದುಗರಿಗೆ ಕೂಡಲೇ ಹೊಳೆಯಬಹುದು. ಎಳೆಯುವ ತಂತಿ ತುಂಡಾದರೆ ಕೈ ತಾನಾಗಿಯೇ ಕೆಳಗೆ ಬಿದ್ದು "ಬಾ" ಎಂದುಬಿಟ್ಟರೆ? ಅದಕ್ಕಾಗಿ ಕಂಬಕ್ಕೆ ಒಂದು ಎದುರುಭಾರ ಕಟ್ಟಿರುತ್ತಾರೆ. ತಂತಿ ಕಡಿದರೆ ಆ ಭಾರ ಕೈಯನ್ನು ಮತ್ತೆ ಅಡ್ಡಕ್ಕೆ ಎತ್ತುತ್ತದೆ. ಆದರೆ ಭಾರಕ್ಕೂ ಮಿತಿಯುಂಟು. ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಎಂಬಲ್ಲಿ 1876ರ ಜನವರಿಯಲ್ಲಿ ಹಿಮ ಬಿದ್ದು ಕೈಗಳು "ಬಾ" ಎಂಬ ಸ್ಥಿತಿಯಲ್ಲೇ ಹೆಪ್ಪುಗಟ್ಟಿದವು, ಸನ್ನೆ ಹಿಂದಕ್ಕೆ ತಳ್ಳಿದರೂ ಮೇಲೇಳಲಿಲ್ಲ. ಗಾಡಿಗಳು ಡಿಕ್ಕಿ ಹೊಡೆದವು. ಮುಂದೆ ಕೈ ಮೇಲಕ್ಕೆ ಏಳುವ ಬಗೆ ಬಂತು. ಅಲ್ಲಿ ತಂತಿ ಕಡಿದರೆ ಕೈ ತನ್ನ ಭಾರದಿಂದಲೇ ಇಳಿದು ಅಡ್ಡಲಾಗಿ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಎರಡೂ ಬಗೆ ಬಹುಕಾಲ ಅಕ್ಕಪಕ್ಕದ ಪ್ರದೇಶಗಳಲ್ಲಿ ಬಾಳಿದವು. ಮೇಲೇಳುವ ಕೈ ಇದ್ದ ಕಡೆಯಲ್ಲೂ ಜನ "ಬಿತ್ತು" ಎಂದೇ ಹೇಳುತ್ತಿದ್ದರೆಂಬುದು ಮಾತಿನ ಮೊಂಡುತನ. ಕೈ ಆಕಾಶ ನೋಡುತ್ತಿದೆ, ಬಾಯಿ "ಬಿತ್ತು" ಎನ್ನುತ್ತಿದೆ!

ಕೆಳಕ್ಕೆ ಇಳಿಯುವ ಪದ್ಧತಿಯಲ್ಲಿ ನಿಲ್ದಾಣಕ್ಕೆ ಬರುವ ಗಾಡಿ ಮೊದಲು ಕಾಣುವುದು ಔಟರ್, ಆಮೇಲೆ ಹೋಮ್. ಹೊರಡುವಾಗ ಸ್ಟಾರ್ಟರ್, ಅದರಾಚೆ ಅಡ್ವಾನ್ಸ್‌ಡ್ ಸ್ಟಾರ್ಟರ್. ಇವೆಲ್ಲ ನಿಲ್ಲಿಸುವ ಅಧಿಕಾರವುಳ್ಳ ಕೈಗಳು: ಕೆಂಪು ಬಣ್ಣ, ತುದಿ ಚೌಕ, ತುದಿಯ ಬಳಿ ಒಂದು ಬಿಳಿ ಪಟ್ಟೆ. ಇವಲ್ಲದೆ ಇನ್ನೊಂದಿತ್ತು, ಮೀನಿನ ಬಾಲದಂತೆ ತುದಿ ಸೀಳಿದ ಕೈ. ಅದು ವಾರ್ನರ್. ಹೆಸರೇ ಹೇಳುವಂತೆ ಅದು ನಿಲ್ಲಿಸುವುದಿಲ್ಲ, ಎಚ್ಚರಿಸುತ್ತದೆ. ಈ ವಾರ್ನರ್ ಎಂಬ ಹೆಸರು ನಮ್ಮ ದೇಶದ ಹೆಗ್ಗುರುತು. ಇಂಗ್ಲೆಂಡಿನಲ್ಲಿ ಇದೇ ಕೆಲಸದ ಸಿಗ್ನಲಿಗೆ ಡಿಸ್ಟೆಂಟ್ ಎನ್ನುತ್ತಾರೆ. ಅವರು ಔಟರ್ ಹೋಮ್ ಎಂದದ್ದು ನಮ್ಮಲ್ಲಿ ಬರೀ ಔಟರ್ ಆಯಿತು.

ವಾರ್ನರಿನ ರಾತ್ರಿಯ ರೂಪವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ವಿಷಯದ ತಿರುಳು ಅಲ್ಲಿದೆ. ವಾರ್ನರ್ ಸಾಮಾನ್ಯವಾಗಿ ಔಟರ್ ಕಂಬದಲ್ಲೇ ಔಟರ್ ಕೈಯ ಕೆಳಗೆ ಇರುತ್ತಿತ್ತು. ಅಂದರೆ ರಾತ್ರಿ ಎರಡು ದೀಪ, ಒಂದರ ಕೆಳಗೊಂದು. ಎರಡೂ ಕೆಂಪಾದರೆ ನಿಲ್ಲು. ಎರಡೂ ಹಸಿರಾದರೆ ನಿಲ್ದಾಣದ ಸಿಗ್ನಲುಗಳೆಲ್ಲ ಇಳಿದಿವೆ, ನಿಲ್ಲದೆ ಹಾದುಹೋಗು. ಮೇಲೆ ಹಸಿರು, ಕೆಳಗೆ ಕೆಂಪು ಇದ್ದರೆ? ಬಾ, ಆದರೆ ಮುಂದಿನ ಸಿಗ್ನಲಿನಲ್ಲಿ ನಿಲ್ಲಲು ಸಿದ್ಧನಾಗಿ ಬಾ. ಹೀಗೆ ಕೆಂಪು ದೀಪವೊಂದು ಉರಿಯುತ್ತಿದ್ದರೂ ಗಾಡಿ ಅದನ್ನು ದಾಟಿಕೊಂಡು ಹೋಗುವುದೇ ನಿಯಮವಾಗಿತ್ತು. ವಾರ್ನರ್ ತನ್ನದೇ ಕಂಬದಲ್ಲಿ ಒಂಟಿಯಾಗಿದ್ದರೆ ಅದರ ತಲೆಯ ಮೇಲೆ ಸದಾ ಉರಿಯುವ ಹಸಿರು ದೀಪ ಒಂದನ್ನು ಕಟ್ಟುತ್ತಿದ್ದರು. ಯಾಕೆಂದರೆ ಒಂಟಿ ಕೆಂಪು ಎಂದರೆ ನಿಲ್ಲು, ಹಸಿರಿನ ಕೆಳಗಿನ ಕೆಂಪು ಎಂದರೆ ಎಚ್ಚರ. ಆ ಮೇಲಿನ ಹಸಿರು ಗಾಳಿಗೆ ಆರಿಹೋದರೆ ಏನಾಗುತ್ತದೆ? ಒಂಟಿ ಕೆಂಪು ಉಳಿಯುತ್ತದೆ, ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ತಪ್ಪು ಆದರೂ ಕ್ಷೇಮದ ಕಡೆಗೇ ಆಗಬೇಕು ಎಂಬ ಲೆಕ್ಕಾಚಾರ. ಸೀಮೆಎಣ್ಣೆ ದೀಪದ ಕಾಲದಲ್ಲಿ ಇಷ್ಟು ಯೋಚಿಸಿದವರ ಬುದ್ಧಿಗೆ ತಲೆದೂಗಬೇಕು.

ಈ ಪದ್ಧತಿಯಲ್ಲಿ ಔಟರಿನ ಹಸಿರು ತನ್ನ ಮಟ್ಟಿಗೆ ಮಾತ್ರ ಮಾತು ಕೊಡುತ್ತದೆ. ನನ್ನನ್ನು ದಾಟಬಹುದು ಎನ್ನುತ್ತದೆ, ಮುಂದಿನವನ ವಿಚಾರ ನನಗೆ ಗೊತ್ತಿಲ್ಲ ಎನ್ನುತ್ತದೆ. ಮುಂದಿನದನ್ನು ಹೇಳುವವನು ವಾರ್ನರ್.

ಮುಂಬಯಿಯ ಹಸಿರು ಹಾಗಲ್ಲ. ಇಲ್ಲಿ ವಿದ್ಯುತ್ ಗಾಡಿ 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಹಾರ್ಬರ್ ದಾರಿಯಲ್ಲಿ ಕುರ್ಲಾಕ್ಕೆ ಓಡಿತು. ಬಿ.ಬಿ.ಯವರು 1928ರ ಜನವರಿಯಲ್ಲಿ ಕೊಲಾಬಾದಿಂದ ಬೋರಿವಲಿಗೆ ವಿದ್ಯುತ್ ತಂದರು. ಗಾಡಿಯ ಹಿಂದೆ ಗಾಡಿ ನಿಮಿಷಗಳ ಅಂತರದಲ್ಲಿ ಓಡತೊಡಗಿದ ಮೇಲೆ, ಪ್ರತಿ ಗಾಡಿಗೂ ಕ್ಯಾಬಿನ್‌ನವನು ಸನ್ನೆ ಎಳೆದು ತಂತಿ ಜಗ್ಗುವ ಪದ್ಧತಿ ಸಾಲದಾಯಿತು. ಹಾಗಾಗಿ ಸಿಗ್ನಲು ತಾನೇ ಗಾಡಿಯನ್ನು ಕಂಡುಕೊಳ್ಳುವ ಏರ್ಪಾಟು ಬಂತು. ಭೌತಶಾಸ್ತ್ರದ ದೃಷ್ಟಿಯಿಂದ ಅದು ಬಹಳ ಸರಳ. ಹಳಿಯ ಒಂದು ತುಂಡಿನಲ್ಲಿ ಮಂದವಾದ ವಿದ್ಯುತ್ ಹರಿಸುತ್ತಾರೆ. ಅದು ಆ ತುದಿಯ ರಿಲೇ ಎಂಬ ಸ್ವಿಚ್ಚನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೆ ಚಕ್ರ ಮತ್ತು ಅಚ್ಚು ಎರಡು ಹಳಿಗಳನ್ನೂ ಬೆಸೆದುಬಿಡುತ್ತವೆ, ವಿದ್ಯುತ್ ಅಲ್ಲೇ ಮರಳುತ್ತದೆ, ರಿಲೇ ಕೆಳಗೆ ಬೀಳುತ್ತದೆ, ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ಹಳಿ ಮುರಿದರೂ, ವಿದ್ಯುತ್ ಹೋದರೂ ರಿಲೇ ಬೀಳುತ್ತದೆ. ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ತೋರಿಸಿಕೊಟ್ಟ ವಿದ್ಯೆ ಇದು. ನೋಡಿ, ಬೀಳುವ ವಸ್ತು ಈಗಲೂ ಒಂದಿದೆ! ಆದರೆ ಅದು ಬಿದ್ದರೆ ಕೆಂಪು.

ಈ ಪದ್ಧತಿಯ ಬಣ್ಣದ ದೀಪಗಳಲ್ಲಿ ಕೆಂಪು ಎಂದರೆ ನಿಲ್ಲು. ಒಂದು ಹಳದಿ ಎಂದರೆ ಮುಂದಿನದು ಕೆಂಪಿರಬಹುದು, ನಿಲ್ಲಲು ಸಿದ್ಧನಾಗು. ಎರಡು ಹಳದಿ ಎಂದರೆ ಮುಂದಿನದರ ಹೊತ್ತಿಗೆ ವೇಗ ಇಳಿಸು. ಹಸಿರು ಎಂದರೆ ಮುಂದಿನದೂ ನಿನ್ನನ್ನು ತಡೆಯುವುದಿಲ್ಲ. ಇಲ್ಲಿ ಪ್ರತಿ ದೀಪವೂ ತನ್ನ ಮುಂದಿನವನ ಪರವಾಗಿಯೂ ಮಾತು ಕೊಡುತ್ತದೆ. ಇದರಿಂದಾಗಿ ವಾರ್ನರಿಗೆ ಪ್ರತ್ಯೇಕ ಕೆಲಸವಿಲ್ಲ, ಔಟರಿಗೂ ಕೆಲಸವಿಲ್ಲ. ಬಹುಸೂಚನೆಯ ಪದ್ಧತಿ ಇರುವ ಕಡೆ ಔಟರ್ ಎಂಬ ಸಿಗ್ನಲೇ ಇರುವುದಿಲ್ಲ. ಆದರೂ "ಗಾಡಿ ಔಟರ್‌ನಲ್ಲಿ ನಿಂತಿದೆ" ಎಂದು ಕಲ್ಯಾಣದ ಬಳಿ ನಿಂತ ಮೇಲ್ ಗಾಡಿಯಿಂದ ನಮ್ಮ ಬಂಧುಗಳು ಫೋನ್ ಮಾಡುತ್ತಾರೆ. ನಮಗೂ ಅರ್ಥವಾಗುತ್ತದೆ. ವಸ್ತು ಹೋದರೂ ಹೆಸರು ತನ್ನ ಮನೆ ಖಾಲಿ ಮಾಡಿಲ್ಲ. ಮುಂಬಯಿಯ ಬಾಡಿಗೆದಾರನಂತೆಯೇ!

ಬಣ್ಣಗಳ ಹೆಸರಿನಲ್ಲೂ ದೇಶದಿಂದ ದೇಶಕ್ಕೆ ಭೇದವಿದೆ. ನಮ್ಮ ರೈಲ್ವೆ ಎರಡು ಹಳದಿಗೆ "ಅಟೆನ್ಷನ್" ಎಂದರೆ ಇಂಗ್ಲಿಷರು "ಪ್ರಿಲಿಮಿನರಿ ಕಾಷನ್" ಎನ್ನುತ್ತಾರೆ. ಅಮೆರಿಕದಲ್ಲಿ ಹಳದಿಗೆ "ಅಪ್ರೋಚ್" ಎಂದು ಹೆಸರು, ಮತ್ತು ಅವರ ದೀಪಗಳು ಮುಖ್ಯವಾಗಿ ವೇಗವನ್ನು ಹೇಳುತ್ತವೆ. ನಮ್ಮವು ಇಂಗ್ಲೆಂಡಿನಂತೆ ಯಾವ ದಾರಿ ಎಂಬುದನ್ನು ಹೇಳುತ್ತವೆ. ಹಳಿ ಕವಲೊಡೆಯುವಲ್ಲಿ ಸಿಗ್ನಲಿನ ತಲೆಯ ಮೇಲೆ ಓರೆಯಾಗಿ ಬಿಳಿ ದೀಪಗಳ ಸಾಲು ಹತ್ತುವುದನ್ನು ಬಾಗಿಲ ಬಳಿ ನಿಲ್ಲುವವರು ನೋಡಿರಬಹುದು. ನಿಲ್ಲುವವರು ಹುಷಾರಾಗಿ ನಿಲ್ಲಲಿ.

ಪ್ಲಾಟ್‌ಫಾರಂ ತುದಿಯಲ್ಲಿ ಇನ್ನೊಂದನ್ನು ಗಮನಿಸಬಹುದು. ಸಿಗ್ನಲ್ ಕಂಬದ ಮೇಲೆ ಬಿಳಿಯ ಬಿಲ್ಲೆ, ಅದರಲ್ಲಿ ಕಪ್ಪು "ಎ" ಅಕ್ಷರ. ಅದಿದ್ದರೆ ಆ ಸಿಗ್ನಲ್ ಆಟೋಮ್ಯಾಟಿಕ್. ಅದು ಕೆಂಪಿದ್ದರೆ ಸಾಮಾನ್ಯ ನಿಯಮದಂತೆ ಹಗಲಿನಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ನಿಂತು, ಸೀಟಿ ಹಾಕಿ, ಬಹಳ ನಿಧಾನವಾಗಿ ಮುಂದೆ ಹೋಗಬಹುದು. ಗಾಡಿ ನಿಂತು, ಕೂಗಿ, ಆಮೆಯಂತೆ ತೆವಳುವಾಗ ನಮ್ಮವರು ಮೋಟರ್‌ಮನ್‌ನನ್ನು ಬೈಯುವುದುಂಟು. ಪಾಪ, ಅವನು ನಿಯಮ ಪಾಲಿಸುತ್ತಿದ್ದಾನೆ. "ಎ" ಇಲ್ಲದ ಕೆಂಪನ್ನು ಹೀಗೆ ದಾಟುವ ಹಾಗಿಲ್ಲ. ಹಳದಿ ಬಿಲ್ಲೆಯಲ್ಲಿ "ಜಿ" ಇದ್ದರೆ ಅದು ಲೆವೆಲ್ ಕ್ರಾಸಿಂಗ್ ಗೇಟಿನ ಸಿಗ್ನಲ್. ಒಂದಕ್ಷರದ ಬಿಲ್ಲೆ ಕೆಂಪಿನ ಅರ್ಥವನ್ನೇ ಬದಲಿಸುತ್ತದೆ.

ಅಕ್ಷರದ ಮಾತು ಬಂದದ್ದರಿಂದ ಮಧ್ಯ ರೈಲ್ವೆಯ ಒಂದು ವಿಚಿತ್ರವನ್ನು ಹೇಳಿಬಿಡಬೇಕು. ಸೂಚನಾ ಫಲಕದಲ್ಲಿ "ಕೆ" ಎಂದರೆ ಕಲ್ಯಾಣ, "ಟಿ" ಎಂದರೆ ಠಾಣೆ. ಸರಿ. ಆದರೆ ಕರ್ಜತ್‌ಗೆ "ಎಸ್" ಮತ್ತು ಕಸಾರಾಕ್ಕೆ "ಎನ್" ಯಾಕೆ? ಜಿ.ಐ.ಪಿ. ಕಂಪನಿಗೆ ಕಲ್ಯಾಣದ ಆಚೆ ಎರಡು ಶಾಖೆಗಳಿದ್ದವು. ನಾಸಿಕದ ಕಡೆ ಹೋಗುವ ನಾರ್ತ್ ಈಸ್ಟ್ ಮತ್ತು ಪುಣೆಯ ಕಡೆ ಹೋಗುವ ಸೌತ್ ಈಸ್ಟ್. ಆ ಕಂಪನಿ ಹೋಗಿ ಎಪ್ಪತ್ತು ವರ್ಷ ದಾಟಿದರೂ ಅದರ ನಕ್ಷೆಯ ಎರಡು ಅಕ್ಷರಗಳು ದಿನವೂ ನಮ್ಮ ತಲೆಯ ಮೇಲೆ ಮಿನುಗುತ್ತಿವೆ. ನಮ್ಮ ಕಲಬುರ್ಗಿ, ರಾಯಚೂರು, ಬೆಳಗಾವಿ, ಧಾರವಾಡಗಳಿಗೆ ಹೋಗುವ ದಾರಿ ಆ "ಎಸ್" ದಾರಿಯೇ. ಪಶ್ಚಿಮ ರೈಲ್ವೆಯವರು ಹಾಗಲ್ಲ, ಬೋರಿವಲಿಗೆ "ಬಿ.ಒ.", ವಿರಾರ್‌ಗೆ "ವಿ.ಆರ್." ಎಂದು ಊರಿನ ಹೆಸರಿನಿಂದಲೇ ಅಕ್ಷರ ಆರಿಸಿದರು. ದಾದರಿನಲ್ಲಂತೂ ಎರಡು ಕಂಪನಿಗಳ ನೆನಪು ಇತ್ತೀಚಿನವರೆಗೂ ಜಗಳವಾಡುತ್ತಿತ್ತು. ಒಂದೇ ಸೇತುವೆಯ ಕೆಳಗೆ ಎರಡು ಒಂದನೆಯ ನಂಬರಿನ ಪ್ಲಾಟ್‌ಫಾರಂ, ಎರಡು ಎರಡನೆಯದು. ಊರಿನಿಂದ ಬಂದ ಅಣ್ಣನನ್ನು ಒಂದನೆಯ ಪ್ಲಾಟ್‌ಫಾರಂನಲ್ಲಿ ಕಾಯಿರಿ ಎಂದು ಹೇಳಿ, ಇಬ್ಬರೂ ಬೇರೆ ಬೇರೆ ಒಂದರಲ್ಲಿ ಗಂಟೆಗಟ್ಟಲೆ ಕಾದ ಕಥೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! 2023ರ ಡಿಸೆಂಬರ್‌ನಲ್ಲಿ ಮಧ್ಯ ರೈಲ್ವೆಯವಕ್ಕೆ 8ರಿಂದ 14ರವರೆಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಈ ಕಥೆ ಮುಗಿಯಿತು.

ಪ್ಲಾಟ್‌ಫಾರಂ ತಪ್ಪಿದರೆ ಒಂದು ಗಂಟೆ ಹೋಗುತ್ತದೆ. ಸಿಗ್ನಲಿನ ಹೆಸರು ತಪ್ಪಿದರೆ ಜೀವ ಹೋಗುತ್ತದೆ. ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ 2023ರ ಜೂನ್ 2ರ ಸಂಜೆ ನಡೆದದ್ದನ್ನು ಯಾರೂ ಮರೆತಿರಲಾರರು. ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯ ಹಳಿಗೆ ಹಸಿರು ಸಿಕ್ಕಿತ್ತು. ಆದರೆ ಹಳಿಯ ಪಾಯಿಂಟ್ ಪಕ್ಕದ ಲೂಪ್ ಹಳಿಯ ಕಡೆಗೆ ತಿರುಗಿತ್ತು, ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಡಿಕ್ಕಿಯಾಗಿ ಚದರಿದ ಡಬ್ಬಿಗಳು ಆಗ ತಾನೇ ಹಾದುಹೋಗುತ್ತಿದ್ದ ಬೆಂಗಳೂರು-ಹೌರಾ ಎಕ್ಸ್‌ಪ್ರೆಸ್ಸಿಗೂ ತಗಲಿದವು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿದ್ದೇನು? ಸಿಗ್ನಲ್ ಜೋಡಣೆಯ ಮಾರ್ಪಾಟುಗಳಲ್ಲಿ ಲೋಪವಾಗಿತ್ತು. ಲೆವೆಲ್ ಕ್ರಾಸಿಂಗ್ ಬಳಿಯ ಪೆಟ್ಟಿಗೆಯೊಳಗಿನ ತಂತಿಗಳ ಮೇಲೆ ತಪ್ಪು ಗುರುತು ಬರೆದಿತ್ತು, ಅದು ವರ್ಷಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಗೇಟಿನ ಕೆಲಸ ಮಾಡುವಾಗ ಆ ಗುರುತನ್ನು ನಂಬಿದರು. ಹಸಿರು ಸುಳ್ಳು ಹೇಳಿತು. ತಂತಿಯ ತುದಿಯ ಚೀಟಿಯನ್ನು ಗುಮಾಸ್ತೆಯ ಕೆಲಸವೆಂದು ತಾತ್ಸಾರ ಮಾಡುವವರುಂಟು. ಹಾಗೆ ಮಾಡುವ ಮೊದಲು ಈ ವರದಿಯನ್ನು ಓದಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮುಂಬಯಿಯ ಸಿಗ್ನಲಿಗೂ ಊರಿನ ಸಿಗ್ನಲಿಗೂ ಭೇದ ಬರಲು ಇನ್ನ‍ೊಂದು ಕಾರಣ ಕಣ್ಣಿಗೆ ಕಾಣದ್ದು. ಇಲ್ಲಿಯ ಗಾಡಿಗಳು ದಶಕಗಳ ಕಾಲ 1500 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ಓಡಿದವು. ಆ ವಿದ್ಯುತ್ ಮೇಲಿನ ತಂತಿಯಿಂದ ಇಳಿದು ಹಳಿಯ ಮೂಲಕವೇ ಹಿಂದಿರುಗುತ್ತದೆ. ಅದೇ ಹಳಿಯಲ್ಲಿ ಸಿಗ್ನಲಿನ ಮಂದ ವಿದ್ಯುತ್ತೂ ಇರಬೇಕು. ಎರಡೂ ಏಕಮುಖವಾದರೆ ರಿಲೇಗೆ ತನ್ನದು ಯಾವುದು, ಗಾಡಿಯದು ಯಾವುದು ಎಂದು ತಿಳಿಯದು. ಅದಕ್ಕಾಗಿ ಇಲ್ಲಿ ಸಿಗ್ನಲಿಗೆ ಪರ್ಯಾಯ ವಿದ್ಯುತ್ ಬಳಸಬೇಕಾಯಿತು. ಊರಿನ ಕಡೆ ಉಗಿ ಇಂಜಿನ್ ಓಡುವಲ್ಲಿ ಬ್ಯಾಟರಿಯೇ ಸಾಕಾಗುತ್ತಿತ್ತು. ಮುಂದೆ ಪಶ್ಚಿಮ ರೈಲ್ವೆ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರಲ್ಲಿ, ಹಾರ್ಬರ್ 2016ರಲ್ಲಿ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾದಾಗ ಇದೇ ಲೆಕ್ಕ ತಿರುವುಮುರುವಾಗಿ ಸಿಗ್ನಲಿನ ಏರ್ಪಾಟನ್ನೂ ಬದಲಿಸಬೇಕಾಯಿತು. ಮಳೆಗಾಲದ ಸಂಗತಿಯೂ ಇದರದೇ ಬಾಲ. ಸಾಯನ್, ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತರೆ ಗಾಡಿಯಿಲ್ಲದಿದ್ದರೂ ನೀರೇ ಎರಡು ಹಳಿಗಳನ್ನು ಬೆಸೆಯುತ್ತದೆ. ಸಿಗ್ನಲು ಕೆಂಪಾಗಿ ಕೂರುತ್ತದೆ. ಕೆಟ್ಟಿದೆ ಎನ್ನುತ್ತೇವೆ. ಕೆಟ್ಟಾಗ ಕೆಂಪಾಗುವುದೇ ಅದಕ್ಕೆ ಕಲಿಸಿದ ವಿದ್ಯೆ.

ಇನ್ನು ಊರಿನ ದಾರಿ. ಧಾರವಾಡ, ಬೆಳಗಾವಿ ಕಡೆಯವರು ಹಿಂದೆ ಪುಣೆಯಲ್ಲಿ ದೊಡ್ಡ ಗಾಡಿ ಇಳಿದು ಮೀಟರ್‌ಗೇಜಿನ ಸಣ್ಣ ಗಾಡಿ ಹತ್ತಬೇಕಿತ್ತು. ಪುಣೆ-ಮೀರಜ್ 1970ರ ದಶಕದ ಆರಂಭದಲ್ಲಿ ಬ್ರಾಡ್‌ಗೇಜ್ ಆದ ಮೇಲೆ ಆ ಬದಲಾವಣೆ ಮೀರಜಿಗೆ ಸರಿಯಿತು. 1990ರ ದಶಕದಲ್ಲಿ ಮುಂದಿನ ದಾರಿಯೂ ಅಗಲವಾಗಿ ನೇರ ಗಾಡಿ ಬಂತು. ಟ್ರಂಕು, ಹಾಸಿಗೆ, ಮಕ್ಕಳನ್ನು ಹಿಡಿದು ಮೀರಜಿನಲ್ಲಿ ಓಡಿದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಓಟದಲ್ಲಿ ಸಿಗ್ನಲನ್ನು ಯಾರು ನೋಡುತ್ತಾರೆ? ಆದರೆ ಅಲ್ಲಿ ಬದಲಾಗುತ್ತಿದ್ದದ್ದು ಹಳಿಯ ಅಗಲ ಮಾತ್ರವಲ್ಲ. ಆಚೆಗೆ ಒಂಟಿ ಹಳಿ, ಕೈಮರ, ಮತ್ತು ಬೆತ್ತದ ಬಳೆ.

ಒಂಟಿ ಹಳಿಯಲ್ಲಿ ಎದುರುಬದುರು ಗಾಡಿ ಬರಬಾರದು. ಅದಕ್ಕಾಗಿ ಎರಡು ನಿಲ್ದಾಣಗಳ ನಡುವೆ ನೀಲ್ಸ್ ಟೋಕನ್ ಯಂತ್ರಗಳ ಜೋಡಿ ಇರುತ್ತಿತ್ತು. ಎರಡು ಕಡೆಯ ಮಾಸ್ತರರೂ ಒಪ್ಪಿದರೆ ಮಾತ್ರ ಅದರಿಂದ ಒಂದು ಲೋಹದ ಗುಂಡು ಹೊರಬರುತ್ತದೆ. ಒಂದು ಹೊರಗಿದ್ದರೆ ಎರಡನೆಯದು ಬರುವುದಿಲ್ಲ. ಗುಂಡಿನ ಮೇಲೆ ಆ ಎರಡು ನಿಲ್ದಾಣಗಳ ಗುರುತು ಕೆತ್ತಿರುತ್ತದೆ. ಡ್ರೈವರ್ ಅದನ್ನು ಓದಿ ನೋಡಿಕೊಳ್ಳಬೇಕು. ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಗೆ ಎತ್ತಿ ಹಿಡಿಯುತ್ತಿದ್ದರು. ಇಂಜಿನ್‌ನವನು ತೋಳು ಚಾಚಿ ಹಿಡಿಯುತ್ತಿದ್ದ. ಇಲ್ಲಿಂದಲೇ ನಮಗೆ "ಲೈನ್ ಕ್ಲಿಯರ್" ಎಂಬ ಮಾತು ಬಂತು. ಅದು ಈಗ ರೈಲನ್ನು ಬಿಟ್ಟು ಕಚೇರಿಗೆ, ಮನೆಗೆ, ಮದುವೆಯ ಮಾತುಕತೆಗೂ ಹಬ್ಬಿದೆ. ಹುಡುಗಿಯ ಮನೆಯವರಿಂದ ಇನ್ನೂ ಲೈನ್ ಕ್ಲಿಯರ್ ಬಂದಿಲ್ಲ ಎನ್ನುವವರಿಗೆ ಅದು ಯಂತ್ರದ ಒಪ್ಪಿಗೆಯ ಹೆಸರು ಎಂಬುದು ಗೊತ್ತಿರಲಿಕ್ಕಿಲ್ಲ.

ಮುಂಬಯಿಗೂ ಮೀರಜಿಗೂ ನಡುವೆ ಬೋರ್ ಘಾಟ್ ಇದೆ. ಅಲ್ಲಿ ಸಿಗ್ನಲ್ ಮಾತ್ರ ನಂಬಿದರೆ ಸಾಲದು. 37 ಅಡಿಗೆ ಒಂದು ಅಡಿ ಇಳಿಜಾರು. ಖಂಡಾಲದಿಂದ ಇಳಿಯುವ ಗಾಡಿಯ ಬ್ರೇಕು ಸೋತರೆ ಯಾವ ಕೆಂಪು ದೀಪ ತಡೆದೀತು? ಅದಕ್ಕಾಗಿ ದಾರಿಯಲ್ಲಿ ಗುಡ್ಡಕ್ಕೆ ಏರುವ ಕ್ಯಾಚ್ ಸೈಡಿಂಗ್ ಎಂಬ ಕುರುಡು ಹಳಿಗಳಿವೆ. ಪಾಯಿಂಟ್ ಸದಾ ಆ ಕಡೆಗೇ ತಿರುಗಿರುತ್ತದೆ. ಗಾಡಿ ನಿಂತು ತನ್ನ ಹತೋಟಿಯನ್ನು ತೋರಿಸಿದ ಮೇಲೆ ಮಾತ್ರ ಮುಖ್ಯ ಹಳಿ ಕೂಡುತ್ತದೆ. ಮಂಕಿ ಹಿಲ್, ಠಾಕುರವಾಡಿಗಳಲ್ಲಿ ಇಳಿಯುವ ಗಾಡಿ ಸುಮ್ಮನೆ ನಿಂತಂತೆ ಕಾಣುವುದು ಇದಕ್ಕೇ. ಬೇರೆಡೆ ಹಸಿರು ಕಂಡು ಗಾಡಿ ಹೋಗುತ್ತದೆ, ಇಲ್ಲಿ ನಿಂತು ತೋರಿಸಿದರೆ ಹಸಿರು. ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಮೂಲಕ ಗೋವೆಗೆ ಇಳಿಯುವ ಘಾಟಿನಲ್ಲೂ ಇಂಥ ಹಳಿಗಳುಂಟು.

ಕರಾವಳಿಯವರ ಅನುಭವ ಬೇರೆ. ಅವರಿಗೆ ಮುಂಬಯಿಯಿಂದ ನೇರ ರೈಲುದಾರಿ ತೆರೆದದ್ದು 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾದಾಗ. ಹಾಗಾಗಿ ಉಡುಪಿ, ಕುಂದಾಪುರದ ಮಕ್ಕಳು ತಮ್ಮೂರಿನ ಹಳಿಯ ಪಕ್ಕದಲ್ಲಿ ಕಂಡದ್ದು ಮೊದಲಿನಿಂದಲೂ ಬಣ್ಣದ ದೀಪವನ್ನೇ. ಕೈಕಂಬ ಅವರಿಗೆ ಬಸ್ ನಿಲ್ಲುವ ಊರು. ಬಯಲುಸೀಮೆಯ ಅದೇ ವಯಸ್ಸಿನವರು ಮಾತ್ರ ಕೈ ಬೀಳುವುದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು. ಈಗ ಹುದ್ದೆಯ ಹೆಸರುಗಳೂ ಹೊಸದಾಗಿವೆ. ಡ್ರೈವರ್ ಲೋಕೋ ಪೈಲಟ್ ಆದ. ಗಾರ್ಡ್ 2022ರಿಂದ ಟ್ರೇನ್ ಮ್ಯಾನೇಜರ್. ಮುಂಬಯಿ ಲೋಕಲಿನವನು ಮಾತ್ರ ಜನರ ಬಾಯಲ್ಲಿ ಮೋಟರ್‌ಮನ್ ಆಗಿಯೇ ಇದ್ದಾನೆ.

ಈ ಸಲ ರಜೆಗೆ ಊರಿಗೆ ಹೋಗುವವರು ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ತೆರೆದಿದೆ. ಹಳೆಯ ಸಿಗ್ನಲ್ ಕೈಯೊಂದು ಕಂಡರೆ ಮೊದಲು ತುದಿ ನೋಡಿ. ಚೌಕವಾಗಿದ್ದರೆ ನಿಲ್ಲಿಸುವ ಕೈ. ಮೀನಿನ ಬಾಲದಂತೆ ಸೀಳಿದ್ದರೆ ಎಚ್ಚರಿಸುವ ಕೈ. ಆಮೇಲೆ ಬಣ್ಣ. ಸೀಳಿದ ಕೈ ಕೆಂಪಾಗಿದ್ದು ಬಿಳಿ ಪಟ್ಟೆಯಿದ್ದರೆ ಅದು ವಾರ್ನರ್, ಕೆಳಕ್ಕೆ ಬೀಳುತ್ತಿದ್ದದ್ದು. ಹಳದಿಯಾಗಿದ್ದು ಕಪ್ಪು ಪಟ್ಟೆಯಿದ್ದರೆ ಅದು ಡಿಸ್ಟೆಂಟ್, ಮೇಲಕ್ಕೆ ಏಳುತ್ತಿದ್ದದ್ದು.